ದೇಹವಿಲ್ಲದ ಸಮಾಧಿಗೆ ಎಂಟು ಶತಮಾನದ ಕಾವಲು

ಚೀನಾದ ಉತ್ತರದಲ್ಲಿ ಹಳದಿ ನದಿ ದೊಡ್ಡ ಕಮಾನಿನ ಹಾಗೆ ಮೇಲಕ್ಕೆ ಹೋಗಿ, ಬಾಗಿ, ಮತ್ತೆ ಕೆಳಗಿಳಿಯುತ್ತದೆ. ಆ ಕಮಾನಿನ ಒಳಗಿರುವ ನಾಡು ಓರ್ಡೋಸ್. ಮರಳು, ಕುರುಚಲು ಹುಲ್ಲು, ನೆಲದಡಿ ರಾಶಿ ರಾಶಿ ಕಲ್ಲಿದ್ದಲು. ಇಲ್ಲಿನ ಎಜೆನ್ ಖೊರೊ ಎಂಬಲ್ಲಿ ಒಂದು ಗುಡಿಯಿದೆ. ಅದರೊಳಗೆ ಬೆಣ್ಣೆಯ ದೀಪ ಉರಿಯುತ್ತಿರುತ್ತದೆ. ಆ ದೀಪ ಆರಬಾರದು. ಆರದಂತೆ ನೋಡಿಕೊಳ್ಳುವ ಕೆಲಸ ದರ್ಖದ್ ಎಂಬ ಮಂಗೋಲ್ ಮನೆತನಗಳದ್ದು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬಂದ ಕೆಲಸ. ಚೆಂಗಿಸ್ ಖಾನ್ ಸತ್ತ ಕಾಲದಿಂದಲೂ ನಮ್ಮವರು ಇದನ್ನು ಬಿಟ್ಟಿಲ್ಲ ಅನ್ನುವುದು ಅವರ ನಂಬಿಕೆ. ಅವನು ಸತ್ತಿದ್ದು 1227ರಲ್ಲಿ.

ಆದರೆ ಆ ಗುಡಿಯೊಳಗೆ ಅವನ ದೇಹವಿಲ್ಲ. ದರ್ಖದ್ ಜನರಿಗೂ ಅದು ಗೊತ್ತು.

ಹಾಗಾದರೆ ಅವರು ಇಷ್ಟು ಕಾಲ ಕಾದಿದ್ದು ಏನನ್ನು? ಇದು ಹಳೆಯ ಇತಿಹಾಸದ ಪ್ರಶ್ನೆ ಅಂತ ಸುಮ್ನೆ ಬಿಡುವ ಹಾಗಿಲ್ಲ. ಓರ್ಡೋಸ್ ಇರುವುದು ಚೀನಾದ ಒಳ ಮಂಗೋಲಿಯ ಎಂಬ ಸ್ವಾಯತ್ತ ಪ್ರದೇಶದಲ್ಲಿ. 2020ರಿಂದ ಅಲ್ಲಿನ ಶಾಲೆಗಳಲ್ಲಿ ಮಂಗೋಲ್ ಭಾಷೆಯ ಜಾಗ ಕಿರಿದಾಗುತ್ತಾ ಬಂದಿದೆ. ಗುಡಿಗೆ ಮಾತ್ರ ಸರ್ಕಾರದ ಹಣವಿದೆ, ದೊಡ್ಡ ರಸ್ತೆಯಿದೆ, ಟಿಕೆಟ್ ಕೌಂಟರ್ ಇದೆ, ಪರಂಪರೆಯ ಪಟ್ಟ ಇದೆ. ಕಟ್ಟಡ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿದೆ. ಅಲ್ಲಿ ಹೇಳುವ ಮಂತ್ರದ ಭಾಷೆ ಹಿಂದೆಂದೂ ಇಲ್ಲದಷ್ಟು ಇಕ್ಕಟ್ಟಿನಲ್ಲಿದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ದರ್ಖದ್ ಮನೆತನಗಳ ಇವತ್ತಿನ ಸ್ಥಿತಿ ಅರ್ಥವಾಗುತ್ತದೆ.

ಮೊದಲು ಸಮಾಧಿಯ ವಿಷಯ. ಚೆಂಗಿಸ್ ಖಾನ್ ಹೆಸರು ಕೇಳಿದರೆ ನಮ್ಮಲ್ಲಿ ಅನೇಕರು ಅವನು ಮುಸ್ಲಿಮ್ ದೊರೆ ಅಂದುಕೊಳ್ಳುತ್ತಾರೆ. ಆ 'ಖಾನ್' ಅನ್ನುವುದು ಧರ್ಮದ ಗುರುತಲ್ಲ. ಹುಲ್ಲುಗಾವಲಿನ ಜನ ತಮ್ಮ ಒಡೆಯನನ್ನು ಕರೆಯುತ್ತಿದ್ದ ಬಿರುದು ಅದು. ಅವನು ನಮಿಸುತ್ತಿದ್ದುದು ತೆಂಗ್ರಿಗೆ, ಅಂದರೆ ಮೇಲಿನ ನೀಲಿ ಆಕಾಶಕ್ಕೆ. ಈಗಿನ ಚೀನಾದ ವಾಯವ್ಯದಲ್ಲಿದ್ದ ಟಂಗುಟ್ ರಾಜ್ಯದ ಮೇಲೆ ದಂಡೆತ್ತಿ ಹೋಗಿದ್ದಾಗ ಅವನು ಸತ್ತ. ದೇಹವನ್ನು ಉತ್ತರಕ್ಕೆ, ಅವನು ಹುಟ್ಟಿದ ನಾಡಿಗೆ ಒಯ್ದು ಗುಟ್ಟಾಗಿ ಹೂಳಿದರು ಎಂದು ಪರಂಪರೆ ಹೇಳುತ್ತದೆ. ಈಗಿನ ಮಂಗೋಲಿಯದ ಖೆಂತಿ ಸೀಮೆಯ ಬುರ್ಖಾನ್ ಖಲ್ದೂನ್ ಬೆಟ್ಟದ ಆಸುಪಾಸು ಅದು ಎಂದು ಹೆಚ್ಚಿನವರ ನಂಬಿಕೆ. ಜಾಗ ಇವತ್ತಿಗೂ ಸಿಕ್ಕಿಲ್ಲ. ಮೇಲೆ ಗುರುತು ಬಿಡದೆ ಹೂಳುವುದು ಮಂಗೋಲ್ ಅರಸರ ಪದ್ಧತಿಯೇ ಆಗಿತ್ತು.

ಆ ಬೆಟ್ಟಕ್ಕೂ ಒಂದು ಕಾವಲು ಪಂಗಡವಿತ್ತು. 14ನೇ ಶತಮಾನದ ಪರ್ಷಿಯದ ಇತಿಹಾಸಕಾರ ರಶೀದುದ್ದೀನ್ ಇದನ್ನು ಬರೆದಿಟ್ಟಿದ್ದಾನೆ. ಉರಿಯಾಂಖೈ ಎಂಬ ಕುಲದ ಸಾವಿರ ಮನೆಗಳ ತುಕಡಿಯೊಂದು ಅಲ್ಲಿನ 'ಮಹಾ ನಿಷಿದ್ಧ'ವನ್ನು ಕಾಯುತ್ತಿತ್ತು. ಅವರು ಯುದ್ಧಕ್ಕೆ ಹೋಗಬೇಕಾಗಿರಲಿಲ್ಲ. ಬೇರೆಯವರನ್ನು ಒಳಗೆ ಬಿಡದಿರುವುದು ಅವರ ಕೆಲಸ. ಕಾಲ ಸರಿದಂತೆ ಅಲ್ಲಿ ಮರಗಳು ದಟ್ಟವಾಗಿ ಬೆಳೆದು ಜಾಗದ ಗುರುತೇ ಹೋಯಿತಂತೆ. ಅಂದರೆ ದೇಹವನ್ನು ಕಾದವರು ಬೇರೆ, ದರ್ಖದ್ ಬೇರೆ. ದೇಹದ ಕಾವಲು ಮರೆತುಹೋಯಿತು. ದೇಹವಿಲ್ಲದ ಕಾವಲು ಉಳಿಯಿತು. ನನ್ನನ್ನು ಈ ವಿಷಯಕ್ಕೆ ಎಳೆದಿದ್ದೇ ಈ ಸಂಗತಿ.

ಓರ್ಡೋಸ್‌ನಲ್ಲಿ ಇದ್ದದ್ದು ಎಂಟು ಬಿಳಿ ಗುಡಾರಗಳು. ಮಂಗೋಲರು ವಾಸಿಸುವ ಉಣ್ಣೆಯ ದುಂಡು ಗುಡಾರಗಳೇ. ಒಂದರಲ್ಲಿ ಖಾನ್ ಮತ್ತು ಅವನ ಹಿರಿಯ ರಾಣಿ ಬೋರ್ತೆಗೆ ಪೂಜೆ. ಇನ್ನೊಂದು ಖುಲನ್ ರಾಣಿಯದ್ದು. ಬಿಲ್ಲು ಬತ್ತಳಿಕೆಗೆ ಒಂದು, ಜೀನಿಗೆ ಒಂದು, ಹಾಲು ತುಂಬುವ ಮರದ ಪಾತ್ರೆಗೆ ಒಂದು, ಪವಿತ್ರ ಬಿಳಿ ಕುದುರೆಗೂ ಒಂದು. ಖಾನನ ಕೊನೆಯುಸಿರು ಒಂದು ಹಿಡಿ ಒಂಟೆ ಕೂದಲಿನಲ್ಲಿ ಉಳಿದಿದೆ, ಅದು ಬೆಳ್ಳಿ ಪೆಟ್ಟಿಗೆಯಲ್ಲಿದೆ ಎಂದು ಜನ ನಂಬಿದ್ದರು. ದೇಹವನ್ನು ಒಯ್ಯುತ್ತಿದ್ದ ಬಂಡಿ ದಾರಿಯಲ್ಲಿ ಹೂತು ನಿಂತಿತು, ಆಗ ಅವನ ಅಂಗಿಯನ್ನೂ ಒಂದು ಕಾಲುಚೀಲವನ್ನೂ ಅಲ್ಲೇ ಬಿಟ್ಟು ಮುಂದೆ ಹೋದರು ಎಂಬ ಕಥೆ ಹಳೆಯ ಮಂಗೋಲ್ ಬಖೈರುಗಳಲ್ಲಿದೆ.

ಗುಡಾರಗಳು ಅಂದರೆ ಕಟ್ಟಬಹುದು, ಬಿಚ್ಚಬಹುದು, ಬಂಡಿಗೆ ಹೇರಬಹುದು. ಈ ಎಂಟು ಗುಡಾರಗಳೂ ಹಲವು ಕಡೆ ಅಲೆದು 15ನೇ ಶತಮಾನದ ಹೊತ್ತಿಗೆ ಹಳದಿ ನದಿಯ ಕಮಾನಿನೊಳಗೆ ಬಂದು ನೆಲೆಸಿದವು. ಮಂಗೋಲ್ ಭಾಷೆಯಲ್ಲಿ 'ಓರ್ದೊ' ಅಂದರೆ ಅರಸನ ಬಿಡಾರ, ಅರಮನೆಯ ಗುಡಾರ. ಅದರ ಬಹುವಚನ 'ಓರ್ದೊಸ್'. ಗುಡಾರಗಳಿಂದ ಅವುಗಳ ಸುತ್ತಲಿನ ಜನಕ್ಕೆ ಆ ಹೆಸರು ಬಂತು, ಜನರಿಂದ ನಾಡಿಗೆ ಬಂತು. ಈ ಪದ ನಮಗೂ ದೂರದ್ದೇನಲ್ಲ. ತುರ್ಕಿ ಭಾಷೆಗಳಲ್ಲಿ ಅದೇ ಪದ 'ಓರ್ದು', ಅಂದರೆ ದಂಡಿನ ಬಿಡಾರ. ದೆಹಲಿಯ ಮೊಘಲ್ ಬಿಡಾರದಲ್ಲಿ ಬೆಳೆದ ನುಡಿಗೆ ಉರ್ದು ಎಂಬ ಹೆಸರು ಬಂದಿದ್ದು ಇಲ್ಲಿಂದಲೇ. ಕಲಬುರಗಿಯಲ್ಲೋ ಶಿವಾಜಿನಗರದಲ್ಲೋ ದಿನಾ ಕಿವಿಗೆ ಬೀಳುವ ಭಾಷೆಯ ಹೆಸರು, ಓರ್ಡೋಸ್ ಎಂಬ ಹೆಸರು ಎರಡೂ ಒಂದೇ ಬೇರಿನವು.

ಇನ್ನು ಗುಡಿಯ ಹೆಸರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಂಗೋಲರು ಇದನ್ನು ಎಜೆನ್ ಖೊರೊ ಅನ್ನುತ್ತಾರೆ. ಎಜೆನ್ ಅಂದರೆ ಒಡೆಯ. ಖೊರೊ ಅಂದರೆ ಅವನ ಸುತ್ತಲಿನ ಆವರಣ. ಒಡೆಯನ ಆವರಣ, ಅಷ್ಟೇ. ಚೀನೀ ಭಾಷೆಯಲ್ಲಿ ಅದರ ಹೆಸರಿನ ಕೊನೆಗೆ 'ಲಿಂಗ್' ಎಂಬ ಪದವಿದೆ. ಅದರ ಅರ್ಥ ಚಕ್ರವರ್ತಿಯ ಸಮಾಧಿ. ಹೊರಗಿನ ಜಗತ್ತೂ ಅದನ್ನೇ ಅನುವಾದಿಸಿಕೊಂಡು ಸಮಾಧಿ ಎಂದಿತು. ಆವರಣ ಅಂದಾಗ ಒಳಗೆ ಒಡೆಯನಿದ್ದಾನೆ, ಅವನಿಗೆ ಹೊತ್ತು ಹೊತ್ತಿಗೆ ಊಟ ಬೇಕು, ಬೆಳಕು ಬೇಕು, ಯಾರಾದರೂ ಹತ್ತಿರ ಇರಬೇಕು. ಸಮಾಧಿ ಅಂದಾಗ ಒಂದು ಕಟ್ಟಡ ಇದ್ದರೆ ಸಾಕು. ಸೇವೆ ಮಾಡುವವರು ಇರಲಿ ಬಿಡಲಿ, ನೋಡಲು ಬಂದವರು ನೋಡಿಕೊಂಡು ಹೋಗಬಹುದು. ಹೆಸರು ಬದಲಾದಾಗಲೇ ದರ್ಖದ್ ಜನರ ಜಾಗವೂ ಬದಲಾಯಿತು.

'ದರ್ಖನ್' ಎಂದರೆ ತೆರಿಗೆ ಮತ್ತು ಬಿಟ್ಟಿ ಚಾಕರಿಯಿಂದ ಮುಕ್ತನಾದವನು. ದರ್ಖದ್ ಅದರ ಬಹುವಚನ. ಇವರು ತೆರಿಗೆ ಕೊಡಬೇಕಾಗಿರಲಿಲ್ಲ, ದಂಡಿಗೆ ಸೇರಬೇಕಾಗಿರಲಿಲ್ಲ. ಒಡೆಯನ ಸೇವೆಯೊಂದೇ ಕೆಲಸ. ನಮ್ಮ ಮಾತಿನಲ್ಲಿ ಹೇಳುವುದಾದರೆ ಉಂಬಳಿಯ ಹಾಗೆ, ಆದರೆ ಇಲ್ಲಿ ಕೊಟ್ಟಿದ್ದು ಭೂಮಿಗಿಂತ ಹೆಚ್ಚಾಗಿ ವಿನಾಯಿತಿ. 17ನೇ ಶತಮಾನದಿಂದ ಚೀನಾವನ್ನು ಆಳಿದ ಚಿಂಗ್ ಅರಸರ ಕಾಲದಲ್ಲಿ 500 ಮನೆಗಳಿಗೆ ಈ ಹಕ್ಕು ಅಂತ ಲೆಕ್ಕ ಮಾಡಿದ್ದರು. ಅದಕ್ಕೇ 'ಐನೂರು ಹಳದಿ ದರ್ಖದ್' ಎಂಬ ಮಾತು ಹುಟ್ಟಿತು.

ಅವರಲ್ಲಿ ಎರಡು ಕವಲು. ಹಿರಿಯ ಕವಲು ಖಾನನ ಗುಡಾರದ ಸೇವೆಗೆ. ಅವರು ತಮ್ಮ ಮೂಲವನ್ನು ಬೋರ್ಚುವಿಗೆ ಜೋಡಿಸುತ್ತಾರೆ. ಚೆಂಗಿಸ್ ಇನ್ನೂ ತೆಮುಜಿನ್ ಎಂಬ ಬಡ ಹುಡುಗನಾಗಿದ್ದಾಗ ಕಳುವಾದ ಕುದುರೆಗಳನ್ನು ಹುಡುಕಲು ಜೊತೆಗೆ ಬಂದ ಗೆಳೆಯ ಈ ಬೋರ್ಚು. ಇನ್ನೊಂದು ಕವಲು ಸುಲ್ದೆಯ ಸೇವೆಗೆ. ಅವರ ಮೂಲಪುರುಷ ದಂಡನಾಯಕ ಮುಖಲಿ. ಸುಲ್ದೆ ಅಂದರೆ ಕುದುರೆ ಕೂದಲು ಕಟ್ಟಿದ ಈಟಿಯ ಧ್ವಜ. ಯುದ್ಧದ ಕಪ್ಪು ಸುಲ್ದೆಯಲ್ಲಿ ಖಾನನ ಶಕ್ತಿ ನೆಲೆಸಿದೆ ಎಂದು ನಂಬುತ್ತಾರೆ. ಸೇವೆಯೊಳಗೂ ಪಾಲುಗಳಿವೆ. ಮಂತ್ರ ಹೇಳುವ ಮನೆ ಬೇರೆ, ಹಾಡುವ ಮನೆ ಬೇರೆ, ಮಾಂಸ ಹಂಚುವ ಮನೆ ಬೇರೆ. ತೈಶಿ, ಖೊಂಜಿನ್ ಮುಂತಾದ ಹುದ್ದೆಯ ಹೆಸರುಗಳು ಚೀನಾವನ್ನು ಆಳಿದ ಮಂಗೋಲರ ಹಳೆಯ ಯುವಾನ್ ಆಸ್ಥಾನದಿಂದ ಬಂದವು. ಆ ಆಸ್ಥಾನ ಬೀಜಿಂಗ್ ಬಿಟ್ಟು ಹೋಗಿದ್ದು 1368ರಲ್ಲಿ. ಹುದ್ದೆಗಳು ಮಾತ್ರ ಈ ಮರಳು ನಾಡಿನ ಕುರಿಗಾಹಿ ಮನೆಗಳಲ್ಲಿ ಉಳಿದುಕೊಂಡವು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಮಂಗೋಲಿಯ ದೇಶದ ಉತ್ತರದಲ್ಲಿ, ಖೊವ್ಸ್‌ಗೊಲ್ ಸರೋವರದ ಪಕ್ಕದ ಕಣಿವೆಯಲ್ಲಿ ದರ್ಖದ್ ಎಂಬ ಇನ್ನೊಂದು ಜನಾಂಗವಿದೆ. ಅವರು ಒಂದು ಕಾಲದಲ್ಲಿ ಬೌದ್ಧ ಗುರುಪೀಠದ ಒಕ್ಕಲುಗಳಾಗಿದ್ದವರು. ವಿನಾಯಿತಿಯ ಕಾರಣಕ್ಕೆ ಒಂದೇ ಹೆಸರು, ಅಷ್ಟೇ. ಓರ್ಡೋಸ್ ಗುಡಿಗೂ ಅವರಿಗೂ ಸಂಬಂಧವಿಲ್ಲ.

ದರ್ಖದ್ ಜನರ ಕೆಲಸ ಹೇಗಿರುತ್ತದೆ? ದಿನದ ಸೇವೆ ಸರದಿಯ ಮೇಲೆ. ದೀಪಕ್ಕೆ ಬೆಣ್ಣೆ, ಧೂಪ, ಬಂದವರ ಹರಕೆ ಸ್ವೀಕರಿಸುವುದು, ಅವರ ಪರವಾಗಿ ಒಡೆಯನ ಮುಂದೆ ಮಾತಾಡುವುದು. ಭಕ್ತರು ನೀಲಿ ರೇಷ್ಮೆಯ ಖದಗ್ ವಸ್ತ್ರ, ಹಾಲಿನ ಮದ್ಯ, ಇಡಿಯಾಗಿ ಬೇಯಿಸಿದ ಕುರಿ ತರುತ್ತಾರೆ. ಯಾರು ತಂದರು, ಯಾವ ಊರು ಎಂದು ದರ್ಖದ್ ಜೋರಾಗಿ ಒಡೆಯನಿಗೆ ಅರಿಕೆ ಮಾಡುತ್ತಾನೆ. ವರ್ಷಕ್ಕೆ ನಾಲ್ಕು ದೊಡ್ಡ ಪೂಜೆಗಳು, ಋತುವಿಗೊಂದು. ಈ ಕ್ರಮ ಹಾಕಿಕೊಟ್ಟವನು ಮೊಮ್ಮಗ ಕುಬ್ಲಾಯ್ ಖಾನ್ ಎಂಬುದು ಪರಂಪರೆ.

ಎಲ್ಲಕ್ಕಿಂತ ದೊಡ್ಡದು ವಸಂತದ ಪೂಜೆ, ಮೂರನೇ ಚಾಂದ್ರ ತಿಂಗಳ 21ನೇ ದಿನ. ಅವತ್ತು 99 ಬಿಳಿ ಹೆಣ್ಣು ಕುದುರೆಗಳ ಹಾಲನ್ನು ಆಕಾಶಕ್ಕೆ ಚಿಮುಕಿಸುತ್ತಾರೆ. ಒಬ್ಬ ಮನುಷ್ಯ ಕುದುರೆಯ ಹಗ್ಗ ಹಿಡಿದು ಗೂಟದ ಹಾಗೆ ನಿಂತಿರುತ್ತಾನೆ. ಖಾನನ ಚಿನ್ನದ ಗೂಟವನ್ನು ಒಬ್ಬ ಕದ್ದನಂತೆ. ಅದಕ್ಕೆ ಶಿಕ್ಷೆಯಾಗಿ ಅವನೇ ಗೂಟವಾಗಿ ನಿಲ್ಲಬೇಕಾಯಿತಂತೆ. ಆ ಕಥೆಯ ನೆನಪಿಗೆ ಈ ಆಚರಣೆ. ಪವಿತ್ರ ಬಿಳಿ ಕುದುರೆ ಚಿತ್ರವಲ್ಲ, ಬೊಂಬೆಯಲ್ಲ, ಜೀವಂತ ಕುದುರೆ. ಒಂದು ಸತ್ತರೆ ಲಕ್ಷಣ ನೋಡಿ ಇನ್ನೊಂದನ್ನು ಹುಡುಕಿ ತರುತ್ತಾರೆ. ಅದರ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ. ಹುಲ್ಲುಗಾವಲಿನಲ್ಲಿ ಅದು ಎಲ್ಲಿ ಬೇಕಾದರೂ ಮೇಯಬಹುದು, ಯಾರೂ ಓಡಿಸುವಂತಿಲ್ಲ.

ಇನ್ನೊಂದು ವಿಶೇಷ, ಹನ್ನೆರಡು ಹಾಡುಗಳು. ಈ ಹಾಡುಗಳ ಅರ್ಥ ಹಾಡುವ ದರ್ಖದ್ ಜನರಿಗೇ ತಿಳಿಯದು. ಅದು ದೇವರ ಭಾಷೆ ಅನ್ನುತ್ತಾರೆ. ಒಂದು ಅಕ್ಷರವನ್ನೂ ತಪ್ಪಿಸದೆ ಬಾಯಿಂದ ಬಾಯಿಗೆ ಕಲಿಸಿಕೊಂಡು ಬಂದಿದ್ದಾರೆ. ಅರ್ಥ ಹೋದ ಮೇಲೂ ಶಬ್ದವನ್ನು ಇಷ್ಟು ಜತನದಿಂದ ಕಾಪಾಡಿದ್ದಾರೆ ಅಂದರೆ, ಒಪ್ಪಿಸಿಕೊಂಡ ಕೆಲಸದ ಮೇಲೆ ಆ ಜನಕ್ಕಿದ್ದ ನಿಷ್ಠೆ ಎಂಥದ್ದು ಅಂತ ತಿಳಿಯುತ್ತದೆ ಅಲ್ವಾ?

ಅವರಿಗೆ ಸಂಬಳ ಇರಲಿಲ್ಲ. ಗುಡಿಯ ಖರ್ಚಿಗೆ ಅವರು ದೂರ ದೂರದ ಮಂಗೋಲ್ ಸೀಮೆಗಳಿಗೆ ಹೋಗಿ ಕಾಣಿಕೆ ಎತ್ತಿ ತರುತ್ತಿದ್ದರು. ಖಾನನ ಹೆಸರಿನಲ್ಲಿ ಬಂದವರು ಅಂತ ಜನ ಕುರಿ, ಕುದುರೆ, ಬೆಣ್ಣೆ ಕೊಡುತ್ತಿದ್ದರು. ಹೀಗೆ ಎತ್ತಿದ ಪ್ರತಿ ಕಾಣಿಕೆಯೂ ಚದುರಿ ಹೋಗಿದ್ದ ಮಂಗೋಲರನ್ನು ಒಂದು ದಾರದಲ್ಲಿ ಕಟ್ಟುತ್ತಿತ್ತು. ಅಮೆರಿಕದ ವಿದ್ವಾಂಸ ಓವೆನ್ ಲ್ಯಾಟಿಮೋರ್ 1935ರಲ್ಲಿ ಇಲ್ಲಿಗೆ ಬಂದಾಗ ಗುಡಿ ಇನ್ನೂ ಗುಡಾರವಾಗಿಯೇ ಇತ್ತು. ವಸಂತದ ಪೂಜೆಯನ್ನು ಅವರು ಕಣ್ಣಾರೆ ಕಂಡರು. ಆ ರೂಪದಲ್ಲಿ ಅದನ್ನು ಕಂಡ ಕೊನೆಯ ಹೊರಗಿನವರಲ್ಲಿ ಅವರೂ ಒಬ್ಬರು.

ಇಂಥ ಜಾಗದ ಮೇಲೆ ಅಧಿಕಾರದ ಕಣ್ಣು ಬೀಳದೆ ಇರುತ್ತದೆಯೇ? ಮೊದಲಿನಿಂದಲೂ ಬಿದ್ದಿದೆ. ಎಂಟು ಗುಡಾರಗಳ ಮುಂದೆ ಪಟ್ಟ ಕಟ್ಟಿಸಿಕೊಂಡವನೇ ಸರಿಯಾದ ಖಾನ್ ಎಂಬ ಭಾವನೆ ಮಂಗೋಲರಲ್ಲಿತ್ತು. 16ನೇ ಶತಮಾನದ ಆರಂಭದಲ್ಲಿ ಮಂಗೋಲರ ದೊರೆ ದಯಾನ್ ಖಾನ್ ತನ್ನ ಮಗ ಉಲುಸ್ ಬೊಲದ್‌ನನ್ನು ಓರ್ಡೋಸ್ ಆಳಲು ಕಳಿಸಿದ. ಆ ಹುಡುಗನನ್ನು ಈ ಗುಡಾರಗಳ ಹತ್ತಿರವೇ ಕೊಂದರು. ಅಪ್ಪ ದಂಡು ತಂದು ಓರ್ಡೋಸ್ ಜನರನ್ನು ಸೋಲಿಸಿದ, ಆದರೆ ಗುಡಾರಗಳನ್ನು ಅವರ ಹತ್ತಿರವೇ ಬಿಟ್ಟ. ಮುಂದೆ ಬಂದ ಚಿಂಗ್ ಅರಸರೂ ಪೂಜೆ ನಿಲ್ಲಿಸಲಿಲ್ಲ. ದರ್ಖದ್ ಹಕ್ಕುಗಳನ್ನು ಮಾನ್ಯ ಮಾಡಿದರು. ಗುಡಾರಗಳು ಓರ್ಡೋಸ್‌ನ ಬೇರೆ ಬೇರೆ ಸೀಮೆಗಳಲ್ಲಿ ಇರುತ್ತಿದ್ದವು, ವಸಂತದ ಪೂಜೆಗೆ ಒಂದೆಡೆ ಸೇರುತ್ತಿದ್ದವು.

1930ರ ದಶಕದಲ್ಲಿ ಜಪಾನಿನ ಸೈನ್ಯ ಒಳ ಮಂಗೋಲಿಯದೊಳಕ್ಕೆ ನುಗ್ಗಿತು. ಚೆಂಗಿಸ್ ಖಾನನ ಹೆಸರು ಹಿಡಿದರೆ ಮಂಗೋಲರು ಒಲಿಯುತ್ತಾರೆ ಎಂದು ಜಪಾನಿಗೂ ಗೊತ್ತಿತ್ತು. ಪೂರ್ವದ ಉಲಾನ್‌ಹೊತ್‌ನಲ್ಲಿ ಅವರ ಆಡಳಿತದ ಅಡಿಯಲ್ಲಿ ಚೆಂಗಿಸ್ ಖಾನನಿಗೆ ಹೊಸ ಗುಡಿಯೇ ಎದ್ದಿತು. ಓರ್ಡೋಸ್‌ನ ಗುಡಾರ ಅವರ ಕೈಗೆ ಸಿಕ್ಕರೆ ಏನು ಗತಿ? 1939ರಲ್ಲಿ ಆಗ ಚೀನಾವನ್ನು ಆಳುತ್ತಿದ್ದ, ಕಮ್ಯುನಿಸ್ಟರ ವಿರೋಧಿಯಾದ ರಾಷ್ಟ್ರೀಯವಾದಿ ಪಕ್ಷದ ಸರ್ಕಾರ ಪವಿತ್ರ ವಸ್ತುಗಳನ್ನು ಬಂಡಿ, ವಾಹನಗಳಲ್ಲಿ ಹೇರಿ ದಕ್ಷಿಣಕ್ಕೆ ಸಾಗಿಸಿತು. ದಾರಿಯಲ್ಲಿ ಸಿಕ್ಕ ಯೆನಾನ್ ಕಮ್ಯುನಿಸ್ಟರ ಕೋಟೆ. ಅವರೂ ಸಾವಿರಾರು ಜನ ಸೇರಿಸಿ, ಕಮಾನು ಕಟ್ಟಿ ಸ್ವಾಗತಿಸಿದರು. ಒಬ್ಬರನ್ನೊಬ್ಬರು ಕಂಡರಾಗದ ಎರಡು ಪಕ್ಷಗಳು ಒಂದೇ ಪೆಟ್ಟಿಗೆಗೆ ತಲೆಬಾಗಿದವು. ಇಬ್ಬರ ಮಾತೂ ಒಂದೇ: ಚೆಂಗಿಸ್ ಖಾನ್ 'ಚೀನೀ ರಾಷ್ಟ್ರದ ವೀರ'. ಚೀನಾವನ್ನು ಗೆದ್ದು ಆಳಿದ ಮನೆತನದ ಮೂಲಪುರುಷನನ್ನು ಚೀನಾದ ಮಗನೆಂದು ಇಷ್ಟು ದೊಡ್ಡ ಸದ್ದಿನಲ್ಲಿ ಕರೆದಿದ್ದು ಆಗ. ಇವತ್ತಿನ ಸರ್ಕಾರಿ ನಿಲುವಿನ ಬೇರು ಅಲ್ಲಿದೆ.

ಪೆಟ್ಟಿಗೆಗಳು ಗಾನ್ಸು ಪ್ರಾಂತ್ಯದ ಶಿಂಗ್‌ಲಾಂಗ್ ಬೆಟ್ಟದಲ್ಲಿ ಹತ್ತು ವರ್ಷ ಇದ್ದವು. ದರ್ಖದ್ ಕಾವಲುಗಾರರೂ ಜೊತೆಗಿದ್ದರು. 1949ರಲ್ಲಿ ಅಂತರ್ಯುದ್ಧ ಹತ್ತಿರ ಬಂದಾಗ ಇನ್ನೂ ಪಶ್ಚಿಮಕ್ಕೆ, ಕುಂಬುಮ್ ಬೌದ್ಧ ಮಠಕ್ಕೆ ಹೋದವು. 1954ರಲ್ಲಿ ಕಮ್ಯುನಿಸ್ಟ್ ಸರ್ಕಾರ ಅವನ್ನು ಓರ್ಡೋಸ್‌ಗೆ ವಾಪಸ್ ತಂದಿತು. ಒಳ ಮಂಗೋಲಿಯದ ನಾಯಕ ಉಲಾನ್‌ಫು ಇದರ ಹಿಂದೆ ನಿಂತಿದ್ದ. 1956ರಲ್ಲಿ ಕಾಂಕ್ರೀಟಿನ ಹೊಸ ಗುಡಿ ಸಿದ್ಧವಾಯಿತು. ಗುಡಾರದ ಆಕಾರದ ಮೂರು ಗುಮ್ಮಟಗಳು, ಮೇಲೆ ನೀಲಿ ಮತ್ತು ಚಿನ್ನದ ಬಣ್ಣದ ಹೆಂಚು. ಇವತ್ತು ಫೋಟೊಗಳಲ್ಲಿ ಕಾಣುವುದು ಇದೇ.

ಇದು ದೊಡ್ಡ ಉಪಕಾರವೂ ಹೌದು, ದೊಡ್ಡ ಬದಲಾವಣೆಯೂ ಹೌದು. ಬೇರೆ ಬೇರೆ ಕಡೆ ಇದ್ದ ಎಂಟು ಗುಡಾರಗಳ ವಸ್ತುಗಳು ಒಂದೇ ಸೂರಿನಡಿ ಬಂದವು. ಅಲೆದಾಡುತ್ತಿದ್ದ ಒಡೆಯ ಒಂದೇ ಜಾಗದಲ್ಲಿ ಕೂತ. ತೆರಿಗೆ ವಿನಾಯಿತಿ, ಕಾಣಿಕೆ ಎತ್ತುವ ಯಾತ್ರೆ ಎಲ್ಲ ಮುಗಿದವು. ದರ್ಖದ್ ಕಾವಲುಗಾರ ಸರ್ಕಾರದ ಸಂಬಳ ಪಡೆಯುವ ನೌಕರನಾದ. ಬಡ ಕುರಿಗಾಹಿಗೆ ಸಂಬಳ ಬೇಡ ಅನ್ನುವ ಹಕ್ಕು ನನಗಿಲ್ಲ. ಆದರೆ ಹಕ್ಕಾಗಿದ್ದದ್ದು ನೌಕರಿಯಾದರೆ ಅದನ್ನು ಕೊಡುವ ಕೈ ಬೇರೆಯಾಗುತ್ತದೆ. ಕೊಟ್ಟ ಕೈ ಹಿಂದಕ್ಕೂ ಪಡೆಯಬಹುದು.

ಅದು ಬೇಗನೆ ನಿಜವಾಯಿತು. 1962ರಲ್ಲಿ ಚೆಂಗಿಸ್ ಖಾನ್ ಹುಟ್ಟಿದ 800ನೇ ವರ್ಷವನ್ನು ಎಜೆನ್ ಖೊರೊದಲ್ಲಿ ಸಂಭ್ರಮದಿಂದ ಆಚರಿಸಿದರು. ಅದೇ ವರ್ಷ ಸೋವಿಯತ್ ನೆರಳಿನಲ್ಲಿದ್ದ ಮಂಗೋಲಿಯದಲ್ಲಿ ಇಂಥದೇ ಆಚರಣೆಗೆ ಬೆಂಬಲ ಕೊಟ್ಟ ನಾಯಕ ತೊಮೊರ್-ಓಚಿರ್ ಅಧಿಕಾರ ಕಳೆದುಕೊಂಡ. ಇದಾಗಿ ಐದಾರು ವರ್ಷದೊಳಗೆ ಚಕ್ರ ತಿರುಗಿತು. ಹಳೆಯದನ್ನೆಲ್ಲ ಅಳಿಸಬೇಕೆಂದು ಮಾವೋ ಹುಟ್ಟುಹಾಕಿದ ಸಾಂಸ್ಕೃತಿಕ ಕ್ರಾಂತಿಯ ಗುಂಪುಗಳು ಎಜೆನ್ ಖೊರೊಗೆ ನುಗ್ಗಿದವು. ಶತಮಾನಗಳಿಂದ ಕಾಪಾಡಿದ್ದ ವಸ್ತುಗಳು ಒಡೆದವು, ಸುಟ್ಟವು, ಕಾಣೆಯಾದವು. ಗುಡಿಯನ್ನು ಉಪ್ಪಿನ ಗೋದಾಮು ಮಾಡಿಕೊಂಡರು. ಪ್ರತ್ಯೇಕತಾವಾದಿಗಳು ಎಂಬ ಆರೋಪ ಹೊರಿಸಿ ಒಳ ಮಂಗೋಲಿಯದ ಉದ್ದಗಲಕ್ಕೂ ಮಂಗೋಲರನ್ನು ಹಿಡಿದು ಹಿಂಸಿಸಿದರು. ಆಮೇಲೆ ಚೀನಾದ ನ್ಯಾಯಾಲಯದಲ್ಲೇ ಒಪ್ಪಿಕೊಂಡ ಲೆಕ್ಕದ ಪ್ರಕಾರ ಹಿಂಸೆಗೆ ಒಳಗಾದವರು ಸುಮಾರು 3,46,000, ಸತ್ತವರು 16,222.

ಇವತ್ತು ಗುಡಿಯಲ್ಲಿ ಕಾಣುವ ಪವಿತ್ರ ವಸ್ತುಗಳಲ್ಲಿ ಹೆಚ್ಚಿನವು ಆ ನಂತರ ಮತ್ತೆ ಮಾಡಿಸಿದವು. ಅಂದರೆ ದೇಹ ಮೊದಲೇ ಇರಲಿಲ್ಲ. ಗುಡಾರಗಳು ಹೋದವು. ವಸ್ತುಗಳೂ ಹೋದವು. ಹಾಗಾದರೆ 1980ರ ದಶಕದಲ್ಲಿ ಮತ್ತೆ ಎದ್ದು ನಿಂತದ್ದು ಯಾವುದು? ದರ್ಖದ್ ಮುದುಕರ ನೆನಪಿನಲ್ಲಿ ಉಳಿದಿದ್ದ ಮಂತ್ರ, ಹಾಡು, ಯಾವ ಪಾತ್ರೆ ಎಲ್ಲಿ ಇಡಬೇಕು, ಯಾವ ಮಾಂಸದ ತುಂಡು ಯಾರಿಗೆ ಎಂಬ ಕ್ರಮ. ಓರ್ಡೋಸ್‌ನ ಮಂಗೋಲ್ ವಿದ್ವಾಂಸರು ಅದನ್ನೆಲ್ಲ ಕೇಳಿ ಬರೆದುಕೊಂಡು ಮಂಗೋಲ್ ಲಿಪಿಯಲ್ಲಿ ಅಚ್ಚು ಹಾಕಿಸಿದರು. ನಾನು ಈ ಲೇಖನದಲ್ಲಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ದರ್ಖದ್ ಕಾದಿದ್ದು ಮಾತಿನ ರೂಪದಲ್ಲಿದ್ದ ಒಂದು ಕೆಲಸವನ್ನು. ಉಳಿದದ್ದೆಲ್ಲ ಕಳೆದುಹೋದಾಗಲೂ ಗುಡಿಯನ್ನು ಮತ್ತೆ ಕಟ್ಟಲು ಸಾಧ್ಯವಾಗಿದ್ದು ಆ ಮಾತು ಉಳಿದಿದ್ದರಿಂದ.

1982ರಲ್ಲಿ ಗುಡಿ ರಾಷ್ಟ್ರಮಟ್ಟದ ಸಂರಕ್ಷಿತ ಸ್ಮಾರಕವಾಯಿತು. 2006ರಲ್ಲಿ ಅಲ್ಲಿನ ಪೂಜೆ ಚೀನಾದ ಅಮೂರ್ತ ಪರಂಪರೆಯ ಮೊದಲ ಪಟ್ಟಿಗೆ ಸೇರಿತು. 2000ದ ನಂತರ ಸುತ್ತಲೂ ಪ್ರವಾಸಿ ತಾಣ ಬೆಳೆಯಿತು. ದೊಡ್ಡ ದೊಡ್ಡ ಮೂರ್ತಿಗಳು, ಅಗಲವಾದ ಮೆಟ್ಟಿಲು, ವಾಹನ ನಿಲ್ದಾಣ. ಟಿಕೆಟ್ ಕೊಂಡು ಬಂದವನಿಗೂ ಕುರಿ ಹೊತ್ತು ಹರಕೆ ತೀರಿಸಲು ಬಂದವನಿಗೂ ದಾರಿ ಒಂದೇ. ಆದರೆ ಇಬ್ಬರೂ ನೋಡಲು ಬಂದಿರುವುದು ಒಂದನ್ನೇ ಅಲ್ಲ.

ಸರ್ಕಾರದ ಪರವಾಗಿ ಹೇಳಬೇಕಾದ ಮಾತೂ ಇದೆ. ಹಣವಿಲ್ಲದೆ ಈ ಗುಡಿ 1980ರ ದಶಕದಲ್ಲಿ ಏಳುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬಂದಿದ್ದರಿಂದ ಪೂಜೆಗೆ ಒಂದು ರಕ್ಷಣೆ ಸಿಕ್ಕಿತು. ಧಾರ್ಮಿಕ ಆಚರಣೆ ಎಂದು ಕರೆದಿದ್ದರೆ ಅನುಮಾನ ಬರುತ್ತಿತ್ತು. ಪರಂಪರೆ ಎಂದು ಕರೆದಿದ್ದರಿಂದ ಬಾಗಿಲು ತೆರೆದೇ ಇದೆ. ಎಷ್ಟೋ ನಾಡುಗಳಲ್ಲಿ ಇಂಥ ಸೇವೆಗಳು ಕಾಸಿಲ್ಲದೆ ಸದ್ದಿಲ್ಲದೆ ನಿಂತುಹೋಗಿವೆ. ಇಲ್ಲಿ ನಿಂತಿಲ್ಲ.

ಆದರೆ ಆ ರಕ್ಷಣೆಗೆ ಒಂದು ಷರತ್ತಿದೆ. ಚೆಂಗಿಸ್ ಖಾನ್ ಯಾರು ಎಂದು ಹೇಳುವ ಹಕ್ಕು ಯಾರದ್ದು ಎಂಬುದು ಆ ಷರತ್ತು. 2020ರಲ್ಲಿ ಫ್ರಾನ್ಸ್‌ನ ನಾಂತ್ ನಗರದ ಇತಿಹಾಸ ವಸ್ತುಸಂಗ್ರಹಾಲಯ ಚೆಂಗಿಸ್ ಖಾನನ ಬಗ್ಗೆ ಪ್ರದರ್ಶನ ಸಿದ್ಧ ಮಾಡುತ್ತಿತ್ತು. ವಸ್ತುಗಳು ಒಳ ಮಂಗೋಲಿಯದಿಂದ ಬರಬೇಕಿತ್ತು. ಚೀನಾದ ಅಧಿಕಾರಿಗಳು 'ಚೆಂಗಿಸ್ ಖಾನ್', 'ಸಾಮ್ರಾಜ್ಯ', 'ಮಂಗೋಲ್' ಎಂಬ ಪದಗಳನ್ನು ತೆಗೆಯಲು ಕೇಳಿದರು ಎಂದು ಸಂಗ್ರಹಾಲಯ ಬಹಿರಂಗವಾಗಿ ಹೇಳಿ ಪ್ರದರ್ಶನವನ್ನೇ ಮುಂದೂಡಿತು. ಕೊನೆಗೆ ಅದು 2023ರಲ್ಲಿ ಚೀನಾದ ವಸ್ತುಗಳಿಲ್ಲದೆ ನಡೆಯಿತು. ಇದಕ್ಕೂ ಮೊದಲು, 2015ರ ಜುಲೈನಲ್ಲಿ, ಓರ್ಡೋಸ್ ವಿಮಾನ ನಿಲ್ದಾಣದಲ್ಲಿ 20 ವಿದೇಶಿ ಪ್ರವಾಸಿಗರನ್ನು ಹಿಡಿದು ಆಮೇಲೆ ದೇಶದಿಂದ ಕಳಿಸಿದರು. ಅವರಲ್ಲಿ ಒಬ್ಬ ಭಾರತೀಯರೂ ಇದ್ದರು. ಭಯೋತ್ಪಾದನೆಯ ವಿಡಿಯೊ ನೋಡಿದ್ದಾರೆ ಎಂಬುದು ಅಧಿಕಾರಿಗಳ ಆರೋಪ. ತಾವು ನೋಡಿದ್ದು ಚೆಂಗಿಸ್ ಖಾನನ ಬಗೆಗಿನ ಸಾಕ್ಷ್ಯಚಿತ್ರ ಎಂಬುದು ಪ್ರವಾಸಿಗರ ಉತ್ತರ. ಖಾನನ ಮೂರ್ತಿಗಳು ಊರ ತುಂಬ ನಿಂತಿರುವ ನಗರದಲ್ಲಿ ಇದು ನಡೆಯಿತು.

ಈಗ ಭಾಷೆಯ ಮಾತು. ಚೀನಾದಲ್ಲಿ ಸುಮಾರು 63 ಲಕ್ಷ ಮಂಗೋಲರಿದ್ದಾರೆ. ಸ್ವತಂತ್ರ ಮಂಗೋಲಿಯ ದೇಶದ ಇಡೀ ಜನಸಂಖ್ಯೆ ಇದರ ಅರ್ಧದಷ್ಟು. ಆದರೆ ಒಳ ಮಂಗೋಲಿಯದ ಸುಮಾರು 2.4 ಕೋಟಿ ಜನರಲ್ಲಿ ಮಂಗೋಲರು 42 ಲಕ್ಷ ಮಾತ್ರ. ತಮ್ಮ ಹೆಸರಿನ ನಾಡಿನಲ್ಲೇ ಐದರಲ್ಲಿ ಒಂದು ಪಾಲೂ ಇಲ್ಲ. ಇಷ್ಟಾದರೂ ಮೇಲಿನಿಂದ ಕೆಳಕ್ಕೆ ಬರೆಯುವ ಹಳೆಯ ಮಂಗೋಲ್ ಲಿಪಿಯನ್ನು ಕಾಪಾಡಿದವರು ಇವರೇ. ಮಂಗೋಲಿಯ ದೇಶ 1940ರ ದಶಕದಲ್ಲೇ ರಷ್ಯದ ಲಿಪಿಗೆ ಹೋಯಿತು. ಗುಡಿಯ ಮಂತ್ರಗಳು ಇರುವುದು ಆ ಹಳೆಯ ಲಿಪಿಯಲ್ಲಿ.

2020ರ ಸೆಪ್ಟೆಂಬರ್‌ನಲ್ಲಿ ಮಂಗೋಲ್ ಮಾಧ್ಯಮದ ಶಾಲೆಗಳಿಗೆ ಹೊಸ ನಿಯಮ ಬಂತು. ಭಾಷಾ ಪಾಠದ ಪುಸ್ತಕ ಆ ವರ್ಷದಿಂದಲೇ ಚೀನೀ ಭಾಷೆಯಲ್ಲಿ, ಮೊದಲು 1 ಮತ್ತು 7ನೇ ತರಗತಿಗೆ. ರಾಜಕೀಯ ಪಾಠ 2021ರಿಂದ, ಇತಿಹಾಸ 2022ರಿಂದ. ಅಪ್ಪ ಅಮ್ಮಂದಿರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಇಟ್ಟುಕೊಂಡರು, ಬೀದಿಗಿಳಿದರು. ಕೆಲವೇ ವಾರಗಳಲ್ಲಿ ಪೊಲೀಸರ ಬಿಗಿ, ಕೆಲಸ ಕಳೆದುಕೊಳ್ಳುವ ಬೆದರಿಕೆ ಎಲ್ಲ ಸೇರಿ ಅದು ತಣ್ಣಗಾಯಿತು. 2023ರ ಹೊತ್ತಿಗೆ ಉಳಿದ ಪಾಠಗಳೂ ಚೀನೀ ಮಾಧ್ಯಮಕ್ಕೆ ಸರಿದವು ಎಂಬ ವರದಿಗಳು ಬಂದವು. ಮಾತೃಭಾಷೆಯ ಶಾಲೆ ಅಂದರೆ ಏನು, ಮಾಧ್ಯಮ ಬದಲಾದರೆ ಮನೆಯ ಮಾತಿಗೆ ಏನಾಗುತ್ತದೆ ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗೋಲ್ ಇನ್ನೂ ಒಂದು ಪಾಠವಾಗಿ ಉಳಿದಿದೆ ನಿಜ. ಆದರೆ ಮಗು ಇತಿಹಾಸವನ್ನು ಯಾವ ಭಾಷೆಯಲ್ಲಿ ಓದುತ್ತದೋ ಆ ಭಾಷೆಯಲ್ಲೇ ತನ್ನ ಅಜ್ಜ ಯಾರು ಅಂತಲೂ ಯೋಚಿಸುತ್ತದೆ.

ದರ್ಖದ್ ಮನೆಯ ಮಗುವಿಗೆ ಇದು ಇನ್ನೂ ಹತ್ತಿರದ ಪ್ರಶ್ನೆ. ಆ ಮಗು ಮುಂದೆ ಮಾಡಬೇಕಾದ ಕೆಲಸವೇ ಭಾಷೆಯ ಕೆಲಸ. ಒಡೆಯನ ಮುಂದೆ ನಿಂತು, ಇಂಥವರು ಇಂಥ ಊರಿನಿಂದ ಬಂದಿದ್ದಾರೆ, ಇಂಥದ್ದು ಬೇಡುತ್ತಿದ್ದಾರೆ ಎಂದು ಹಳೆಯ ಮಂಗೋಲ್ ನುಡಿಯಲ್ಲಿ ಸರಾಗವಾಗಿ ಹೇಳಬೇಕು. ಅರ್ಥ ತಿಳಿಯದ ಹನ್ನೆರಡು ಹಾಡುಗಳ ಪಕ್ಕಕ್ಕೆ ಅರ್ಥ ತಿಳಿದಿದ್ದ ಮಂತ್ರಗಳೂ ಬಂದು ಸೇರಿಬಿಟ್ಟರೆ? ಬಾಯಿಪಾಠ ಮಾಡಿ ಒಪ್ಪಿಸಬಹುದು. ಪ್ರವಾಸಿಗರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹರಕೆ ಹೊತ್ತು ಬಂದ ಮುದುಕಿಗೆ ಗೊತ್ತಾಗುತ್ತದೆ.

ಭಾಷೆಯ ಜೊತೆ ಹುಲ್ಲೂ ಇದೆ. ಎಜೆನ್ ಖೊರೊ ಸೀಮೆಯ ಅಡಿಯಲ್ಲೇ ಚೀನಾದ ಅತಿ ದೊಡ್ಡ ಕಲ್ಲಿದ್ದಲು ಪದರಗಳಲ್ಲಿ ಒಂದು ಹಾಯುತ್ತದೆ. ಆ ಹಣದಿಂದಲೇ ಪಕ್ಕದ ಕಾಂಗ್‌ಬಾಶಿ ನಗರ ಎದ್ದಿತು. ಹುಲ್ಲುಗಾವಲು ಮರಳಾಗುತ್ತಿದೆ ಎಂಬ ಕಾರಣಕ್ಕೆ 2000ದ ನಂತರ ಓರ್ಡೋಸ್‌ನಲ್ಲಿ ಬಯಲು ಮೇವಿಗೆ ನಿರ್ಬಂಧಗಳು ಬಂದವು. ಮರಳು ತಡೆಯಬೇಕಾದ್ದು ನಿಜ, ಅದರಿಂದ ಹಸಿರು ಮರಳಿದ್ದೂ ನಿಜ. ಆದರೆ 99 ಬಿಳಿ ಕುದುರೆಗಳ ಹಾಲು ಬೇಕು ಅನ್ನುವ ಪೂಜೆಯ ಹಿಂದೆ ಕುದುರೆ ಮಂದೆ ಸಾಕುವ ಒಂದು ಊರೇ ಇರಬೇಕು. ಎಲ್ಲಿ ಬೇಕಾದರೂ ಮೇಯುವ ಹಕ್ಕಿರುವ ಬಿಳಿ ಕುದುರೆಗೆ ಬೇಲಿಯಿಲ್ಲದ ಬಯಲು ಬೇಕು.

ಯುದ್ಧದ ಕಪ್ಪು ಸುಲ್ದೆಗೆ ಹನ್ನೆರಡು ವರ್ಷಕ್ಕೊಮ್ಮೆ, ಹನ್ನೆರಡು ಪ್ರಾಣಿಗಳ ಹೆಸರಿನ ವರ್ಷಚಕ್ರದ ಡ್ರ್ಯಾಗನ್ ವರ್ಷದಲ್ಲಿ, ಎಲ್ಲಕ್ಕಿಂತ ಉಗ್ರವಾದ ಪೂಜೆ ನಡೆಯಬೇಕು. ಹಿಂದಿನ ಡ್ರ್ಯಾಗನ್ ವರ್ಷಗಳು 2012 ಮತ್ತು 2024. ಆಗ ಮಂತ್ರ ಹೇಳಿದವರೆಲ್ಲ ಮಂಗೋಲ್ ಭಾಷೆಯಲ್ಲೇ ಇತಿಹಾಸ ಓದಿಕೊಂಡು ಬೆಳೆಯುವ ಅವಕಾಶ ಇದ್ದ ಕಾಲದವರು. ಮುಂದಿನದು 2036. 2020ರ ಸೆಪ್ಟೆಂಬರ್‌ನಲ್ಲಿ ಹೊಸ ಪುಸ್ತಕ ಹಿಡಿದು ಒಂದನೇ ತರಗತಿಗೆ ಹೋದ ಆರು ವರ್ಷದ ದರ್ಖದ್ ಹುಡುಗನಿಗೆ ಆಗ 22 ತುಂಬಿರುತ್ತದೆ. ಅಪ್ಪನ ಪಕ್ಕದಲ್ಲಿ ನಿಂತು ಸರದಿ ಹಿಡಿಯುವ ವಯಸ್ಸು.